ಬೆಟ್ಟದಿಂದ ಬೆಟ್ಟಕ್ಕೆ ರೇಡಿಯೊ: ಕರಾವಳಿಯ ಹ್ಯಾಮ್‌ಗಳಿಗೊಂದು ಮಾರ್ಗದರ್ಶಿ

ಹ್ಯಾಮ್ ರೇಡಿಯೊದಲ್ಲಿ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳ ರೇಡಿಯೊದಲ್ಲಿ, ದೂರದವರ ಜೊತೆ ಮಾತಾಡುವುದು ಹೊಸತೇನಲ್ಲ. ಆದರೆ ಇಬ್ಬರೂ ಬೆನ್ನಿಗೆ ಬ್ಯಾಗ್ ಹಾಕಿಕೊಂಡು, ಬೇರೆ ಬೇರೆ ಬೆಟ್ಟದ ನೆತ್ತಿ ಹತ್ತಿ, ಒಂದು ಸಣ್ಣ ರಿಗ್ (ರೇಡಿಯೊ ಸೆಟ್) ಮತ್ತು ಒಂದು ತುಂಡು ತಂತಿಯಲ್ಲಿ ಮಾತಾಡುವುದಿದೆಯಲ್ಲ, ಅದರ ಗಮ್ಮತ್ತೇ ಬೇರೆ. ಹ್ಯಾಮ್‌ಗಳು ಇದನ್ನು 'ಸಮ್ಮಿಟ್ ಟು ಸಮ್ಮಿಟ್' ಅನ್ನುತ್ತಾರೆ. 2002ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಶುರುವಾದ 'ಸಮ್ಮಿಟ್ಸ್ ಆನ್ ದಿ ಏರ್', ಅಂದರೆ ಸೋಟಾ, ಈ ಹುಚ್ಚಿಗೆ ಒಂದು ನಿಯಮ, ಪಾಯಿಂಟು, ಲೆಕ್ಕಪುಸ್ತಕ ಎಲ್ಲ ಕೊಟ್ಟಿತು. ಬೆಟ್ಟ ಹತ್ತಿದವರು ಆ್ಯಕ್ಟಿವೇಟರ್. ಮನೆಯಲ್ಲಿ ಕೂತು ಅವರನ್ನು ಹಿಡಿಯುವವರು ಚೇಸರ್. ಇಬ್ಬರೂ ನೆತ್ತಿಯ ಮೇಲಿದ್ದರೆ ಎಸ್ ಟು ಎಸ್.

ಮಂಗಳೂರು, ಉಡುಪಿಯವರಿಗೆ ಬೆಟ್ಟಕ್ಕೇನೂ ಬರವಿಲ್ಲ. ಮೂಡಣಕ್ಕೆ ತಿರುಗಿದರೆ ಘಟ್ಟದ ಸಾಲೇ ನಿಂತಿದೆ. ಹಾಗಾದರೆ ಕಷ್ಟ ಎಲ್ಲಿ? ಹತ್ತುವುದಕ್ಕಿಂತ ಹೆಚ್ಚಿನ ಕೆಲಸ ಕೂಡಿಸುವುದರಲ್ಲಿದೆ. ಇಬ್ಬರು ಒಂದೇ ಹೊತ್ತಿಗೆ, ಒಂದೇ ಫ್ರೀಕ್ವೆನ್ಸಿಯಲ್ಲಿ, ನಡುವೆ ಅಡ್ಡ ಬರದ ಎರಡು ನೆತ್ತಿಗಳ ಮೇಲೆ ಇರಬೇಕು. ಅದನ್ನು ಮನೆಯಲ್ಲೇ ಕೂತು ಸರಿಯಾಗಿ ಲೆಕ್ಕ ಹಾಕಿದವರಿಗೆ 5 ವ್ಯಾಟ್ ಸಾಕು. ಹಾಕದವರಿಗೆ 50 ವ್ಯಾಟ್ ಇದ್ದರೂ ಬರೀ ಗೊರಗೊರ.

ಮೊದಲು ಕಾಗದ ಪತ್ರ

ಲೈಸೆನ್ಸ್ ಇಲ್ಲದೆ ಮೈಕ್ ಮುಟ್ಟಬೇಡಿ. ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಪರೀಕ್ಷೆ ನಡೆಸುತ್ತದೆ. 12 ವರ್ಷ ತುಂಬಿದ ಯಾರೂ ಬರೆಯಬಹುದು. ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಪರೀಕ್ಷಾ ಕೇಂದ್ರಗಳ ಪಟ್ಟಿಯಲ್ಲಿ ಮಂಗಳೂರೂ ಇದೆ. ಪೋರ್ಟಲ್‌ನಲ್ಲಿ ದಿನಾಂಕ ನೋಡಿಕೊಳ್ಳಿ. ರಿಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಬೇಡ, ನಿಮ್ಮನ್ನು ಗುರುತಿಸುವ ಕಾಲ್‌ಸೈನ್ ವಿಯು3ರಿಂದ ಶುರುವಾಗುತ್ತದೆ. ಜನರಲ್ ಗ್ರೇಡಿಗೆ ನಿಮಿಷಕ್ಕೆ 8 ಪದದ ಮೋರ್ಸ್ ಬೇಕು, ಅದರ ಕಾಲ್‌ಸೈನ್ ವಿಯು2. ಬೆಟ್ಟದ ಮಟ್ಟಿಗೆ ರಿಸ್ಟ್ರಿಕ್ಟೆಡ್ ಗ್ರೇಡ್ ಧಾರಾಳ ಸಾಕು. ನಾವು ಹೊತ್ತುಕೊಂಡು ಹೋಗುವುದೇ 5–10 ವ್ಯಾಟಿನ ರಿಗ್, ಅಲ್ವಾ?

ಲೈಸೆನ್ಸಿನಲ್ಲಿ ನಿಮ್ಮ ಸ್ಟೇಷನ್ನಿನ ವಿಳಾಸ ಇರುತ್ತದೆ. ಬೇರೆ ಜಾಗದಿಂದ ಪ್ರಸಾರ ಮಾಡುವ ಬಗ್ಗೆ ಇರುವ ಷರತ್ತನ್ನು ಒಮ್ಮೆ ನಿಧಾನವಾಗಿ ಓದಿ. ಕೊಡಬೇಕಾದ ಮಾಹಿತಿಯನ್ನು ಹೊರಡುವ ಮುಂಚೆಯೇ ಕೊಡಿ.

ಇನ್ನೊಂದು ವಿಷಯ ನಮ್ಮ ಕಡೆಯದ್ದೇ. ಕಾರ್ಕಳ, ಹೆಬ್ರಿ, ಬೆಳ್ತಂಗಡಿ ಕಡೆಯ ಘಟ್ಟದಲ್ಲಿ ನಕ್ಸಲ್ ನಿಗ್ರಹ ಪಡೆ ವರ್ಷಗಟ್ಟಲೆ ಓಡಾಡಿದೆ. ಸ್ಯಾಟಲೈಟ್ ಫೋನಿನ ಸುದ್ದಿ ಬಂದಾಗಲೆಲ್ಲ ಪೊಲೀಸರು ಚುರುಕಾಗುತ್ತಾರೆ. ಕಾಡಿನ ನಡುವೆ ಆ್ಯಂಟೆನಾ ಕಟ್ಟಿ 'ವಿಕ್ಟರ್ ಯೂನಿಫಾರ್ಮ್' (ಕಾಲ್‌ಸೈನಿನ ವಿ, ಯು ಅಕ್ಷರ) ಅಂತ ಕೂಗುವವರನ್ನು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ. ಆದ್ದರಿಂದ ಲೈಸೆನ್ಸಿನ ಪ್ರತಿ ಎರಡು ಇಟ್ಟುಕೊಳ್ಳಿ. ಅರಣ್ಯ ಇಲಾಖೆಯ ಗೇಟಿನಲ್ಲಿ ನಾವಾಗಿಯೇ ರಿಗ್ ತೋರಿಸಿ ಹೇಳುವುದು ಒಳ್ಳೆಯದು. ಹತ್ತಿರದ ಠಾಣೆಗೆ ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಹೇಳಿ ಹೋದವರನ್ನು ಯಾರೂ ಇಳಿಸಿಕೊಂಡು ಬರುವುದಿಲ್ಲ.

ಚಾರಣದ ಅನುಮತಿ ಬೇರೆ. ಕುದುರೆಮುಖ, ಕುಮಾರಪರ್ವತದಂಥ ಕಡೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಬುಕ್ ಮಾಡಬೇಕು. ವಾರಾಂತ್ಯದ ಜಾಗ ಬೇಗ ತುಂಬುತ್ತದೆ. ಎರಡು ತಂಡ ಎರಡು ಬೆಟ್ಟಕ್ಕೆ ಹೋಗುವುದರಿಂದ ಇಬ್ಬರಿಗೂ ಒಂದೇ ದಿನ ಸಿಗಬೇಕು. ಮೊದಲು ಎರಡೂ ಬುಕಿಂಗ್ ಆಗಲಿ, ಆಮೇಲೆ ಉಳಿದ ಮಾತು.

ಜೋಡಿ ಬೆಟ್ಟ ಹುಡುಕುವುದು

ಎರಡು ಮೀಟರ್ ಬ್ಯಾಂಡ್, ಅಂದರೆ ನಮ್ಮಲ್ಲಿ 144ರಿಂದ 146 ಮೆಗಾಹರ್ಟ್ಸ್, ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ. ಗಾಳಿಯಲ್ಲಿ ತುಸು ಬಾಗುವುದರಿಂದ ಕಣ್ಣಿಗಿಂತ ಸ್ವಲ್ಪ ದೂರ ಹೋಗುತ್ತದೆ, ಅಷ್ಟೇ. ಲೆಕ್ಕ ಸುಲಭ. ಬೆಟ್ಟದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಳ್ಳಿ, ವರ್ಗಮೂಲ ಕಂಡುಹಿಡಿಯಿರಿ, 4.12ರಿಂದ ಗುಣಿಸಿ. ಸಿಗುವುದು ರೇಡಿಯೊ ದಿಗಂತದ ದೂರ, ಕಿಲೋಮೀಟರಿನಲ್ಲಿ. 1,894 ಮೀಟರಿನ ಕುದುರೆಮುಖಕ್ಕೆ ಇದು ಸುಮಾರು 179 ಕಿ.ಮೀ. 1,343 ಮೀಟರಿನ ಕೊಡಚಾದ್ರಿಗೆ 151. ಎರಡನ್ನೂ ಕೂಡಿಸಿದರೆ 330. ಇಷ್ಟು ದೂರದವರೆಗೆ ಭೂಮಿಯ ಉಬ್ಬು ಅಡ್ಡ ಬರುವುದಿಲ್ಲ. ಈ ಎರಡು ಬೆಟ್ಟಗಳ ನಡುವೆ ನೇರ ದೂರ 90 ಕಿ.ಮೀ. ಆಸುಪಾಸು. ಅಂದರೆ ಇದು ನಮಗೆ ಹೇಳಿ ಮಾಡಿಸಿದ ಜೋಡಿ.

ಆದರೆ ಭೂಮಿಯ ಉಬ್ಬು ಅಡ್ಡ ಬರದಿದ್ದರೂ ಮಧ್ಯದ ಬೆಟ್ಟ ಬರಬಹುದು. ಕೊಡಚಾದ್ರಿ ಮತ್ತು 1,712 ಮೀಟರಿನ ಕುಮಾರಪರ್ವತವನ್ನು ನೋಡಿ. ದೂರ ಸುಮಾರು 160 ಕಿ.ಮೀ., ಸೂತ್ರದ ಪ್ರಕಾರ ಆರಾಮ. ಆದರೆ ಗೆರೆ ಎಳೆದರೆ ಅದು ಕುದುರೆಮುಖದ ಸಾಲಿನ ಮೇಲೆಯೇ ಹಾದು ಹೋಗುತ್ತದೆ. ನಟ್ಟನಡುವೆ ಆ ಗೆರೆ ಎಷ್ಟು ಎತ್ತರದಲ್ಲಿರುತ್ತದೆ? ಎರಡು ನೆತ್ತಿಗಳ ಸರಾಸರಿ ಸುಮಾರು 1,530 ಮೀಟರ್. ಅದರಿಂದ ಉಬ್ಬನ್ನು ಕಳೆಯಬೇಕು. ಒಂದು ಜಾಗದ ಉಬ್ಬು ಬೇಕಾದರೆ ಅಲ್ಲಿಂದ ಎರಡೂ ತುದಿಗೆ ಇರುವ ದೂರವನ್ನು ಗುಣಿಸಿ 17ರಿಂದ ಭಾಗಿಸಿ: 80ನ್ನು 80ರಿಂದ ಗುಣಿಸಿ ಭಾಗಿಸಿದರೆ ಸುಮಾರು 376 ಮೀಟರ್. ಉಳಿದದ್ದು 1,150ರ ಆಚೀಚೆ. ಕುದುರೆಮುಖದ ಸುತ್ತ ಅದಕ್ಕಿಂತ ಎತ್ತರದ ಏಣುಗಳು ಸಾಲಾಗಿವೆ. ಹಾಗಾಗಿ ಈ ಜೋಡಿಯನ್ನು ಮೊದಲ ಪ್ರಯತ್ನಕ್ಕೆ ಆರಿಸಬೇಡಿ. ಕುದುರೆಮುಖ–ಕುಮಾರಪರ್ವತ ಆದರೆ ಸುಮಾರು 70 ಕಿ.ಮೀ., ಅದು ವಾಸಿ. ಗೂಗಲ್ ಅರ್ಥ್‌ನಲ್ಲಿ ಎರಡು ನೆತ್ತಿಗೆ ಗೆರೆ ಎಳೆದು ಎಲಿವೇಶನ್ ಪ್ರೊಫೈಲ್ ತೆರೆದರೆ ಅಡ್ಡ ಬರುವ ಗುಡ್ಡ ಕಾಣಿಸುತ್ತದೆ. ಉಬ್ಬಿನ ಲೆಕ್ಕ ಮಾತ್ರ ನಾವೇ ಕಳೆಯಬೇಕು.

ಮೊದಲ ಸಲಕ್ಕೆ ಇಷ್ಟು ದೊಡ್ಡ ಬೆಟ್ಟವೂ ಬೇಡ. ಒಬ್ಬರು ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಲಿ, ಇನ್ನೊಬ್ಬರು ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಲ್ಲಲಿ. ಗಡಾಯಿಕಲ್ಲು ಅಂದರೆ ಟಿಪ್ಪು ಜಮಾಲಾಬಾದ್ ಅಂತ ಹೆಸರಿಟ್ಟು ಕೋಟೆ ಕಟ್ಟಿಸಿದ ಅದೇ ಬಂಡೆ, ಸುಮಾರು 1,700 ಅಡಿ ಎತ್ತರ. ನೇರ ದೂರ 65 ಕಿ.ಮೀ. ಹತ್ತಿರ. ಮಣಿಪಾಲ ಸೋಟಾ ಲೆಕ್ಕದ ಬೆಟ್ಟ ಆಗಲಿಕ್ಕಿಲ್ಲ, ಆದರೆ ರಿಗ್, ಆ್ಯಂಟೆನಾ, ಬ್ಯಾಟರಿ, ಜೊತೆಗಾರನ ತಾಳ್ಮೆ ಎಲ್ಲದರ ಪರೀಕ್ಷೆ ಆಗುತ್ತದೆ. ಗಡಾಯಿಕಲ್ಲಿನ ಮೆಟ್ಟಿಲು ಮಳೆಗಾಲದಲ್ಲಿ ಜಾರುತ್ತದೆ, ಆಗ ಪ್ರವೇಶವೂ ಇರುವುದಿಲ್ಲ.

ಪಾಯಿಂಟ್ ಬೇಕೆಂದರೆ ಸೋಟಾದ ನಕ್ಷೆಯಲ್ಲಿ ನಿಮ್ಮ ನೆತ್ತಿಗೆ ರೆಫರೆನ್ಸ್ ಸಂಖ್ಯೆ ಇದೆಯಾ ನೋಡಿ. ಸುತ್ತಲಿನ ನೆಲದಿಂದ ಬೆಟ್ಟ ಎಷ್ಟು ಎದ್ದು ನಿಂತಿದೆ ಎಂಬುದು ಅಲ್ಲಿ ಮುಖ್ಯ. ಸಾಮಾನ್ಯವಾಗಿ 150 ಮೀಟರ್ ಬೇಕು. ಸಂಖ್ಯೆ ಇಲ್ಲದಿದ್ದರೂ ಮಾತಾಡುವ ಖುಷಿಗೆ ಅಡ್ಡಿಯಿಲ್ಲ.

ಏನೇನು ಹೊರಬೇಕು

ಎರಡು ಮೀಟರ್‌ಗೆ 5 ವ್ಯಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಸಾಕು. 90 ಕಿ.ಮೀ. ದೂರ ನೇರ ನೋಟ ಇದ್ದರೆ ಅಷ್ಟು ಪವರಿಗೆ ಸಿಗ್ನಲ್ ಗಟ್ಟಿಯಾಗಿಯೇ ತಲುಪುತ್ತದೆ. ಹ್ಯಾಂಡಿ ಜೊತೆ ಬರುವ ರಬ್ಬರ್ ಬಾಲ ಮಾತ್ರ ಮನೆಯಲ್ಲೇ ಇರಲಿ. ಸುತ್ತಿ ಜೇಬಿಗೆ ಹಾಕಬಹುದಾದ ಜೆ-ಪೋಲ್ ಆ್ಯಂಟೆನಾ ಒಂದನ್ನು ಮಾಡಿಕೊಳ್ಳಿ. ಇಬ್ಬರೂ ಆ್ಯಂಟೆನಾ ನೆಟ್ಟಗೆ ನಿಲ್ಲಿಸಬೇಕು. ಒಬ್ಬರದ್ದು ನೆಟ್ಟಗೆ, ಇನ್ನೊಬ್ಬರದ್ದು ಅಡ್ಡ ಆದರೆ ಸಿಗ್ನಲ್ ಬಹಳ ಕುಸಿಯುತ್ತದೆ. ಅಗ್ಗದ ಹ್ಯಾಂಡಿಗಳಿಗೆ ಒಂದು ರೋಗ ಇದೆ. ನೆತ್ತಿಯಲ್ಲಿ ಟವರ್ ಇದ್ದರೆ ಅದರ ಅಬ್ಬರಕ್ಕೆ ಅವುಗಳ ಕಿವಿ ಮುಚ್ಚಿಹೋಗುತ್ತದೆ. ಟವರಿನಿಂದ ದೂರ ಸರಿಯಿರಿ, ಬಂಡೆಯ ಮರೆಗೆ ಹೋಗಿ. ಅಷ್ಟಕ್ಕೂ ಸರಿಹೋಗದಿದ್ದರೆ ಒಳ್ಳೆಯ ರಿಸೀವರ್ ಇರುವ ರಿಗ್ ಬೇಕು.

ಕಡಲಾಚೆ ಮಾತಾಡಬೇಕಾದರೆ 3–30 ಮೆಗಾಹರ್ಟ್ಸಿನ ಎಚ್‌ಎಫ್ ರಿಗ್. ಯೇಸು ಕಂಪನಿಯ ಎಫ್‌ಟಿ-818, ಐಕಾಮ್ ಐಸಿ-705, ಎಲೆಕ್ರಾಫ್ಟ್ ಕೆಎಕ್ಸ್2 ಇವೆಲ್ಲ ಬೆಟ್ಟದವರ ಮೆಚ್ಚಿನ ಸೆಟ್ಟುಗಳು, ಬೆಲೆ ಕೇಳಿದರೆ ಮಾತ್ರ ತಲೆ ತಿರುಗುತ್ತದೆ ಮಾರಾಯ್ರೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್ಎಕ್ಸ್ ಮತ್ತು ಮೈಕ್ರೊಬಿಟ್ಎಕ್ಸ್ ನಮ್ಮ ದೇಶದ್ದೇ ವಿನ್ಯಾಸ, ಜಗತ್ತಿನ ಎಲ್ಲೆಡೆ ಹವ್ಯಾಸಿಗಳು ಕಟ್ಟಿದ್ದಾರೆ. ಬೆಸುಗೆ ಕಡ್ಡಿ ಹಿಡಿಯಲು ಬರುವವರು ಅದನ್ನು ಒಂದು ಗಟ್ಟಿ ಡಬ್ಬಿಯಲ್ಲಿ ಕೂರಿಸಿಕೊಂಡು ಹತ್ತಬಹುದು.

ಬ್ಯಾಟರಿಗೆ ಲಿಥಿಯಂ ಐರನ್ ಫಾಸ್ಫೇಟ್. ತೂಕ ಕಡಿಮೆ, ಕಿರಿಕಿರಿ ಕಡಿಮೆ. ಕೇಳುವಾಗ ಅರ್ಧ ಆಂಪಿಯರ್, ಮಾತಾಡುವಾಗ ಎರಡೂವರೆ ಎಳೆಯುವ ರಿಗ್ ಅಂದುಕೊಳ್ಳಿ. ಕಾಲು ಭಾಗ ಹೊತ್ತು ಮಾತಾಡಿದರೆ ಸರಾಸರಿ ಒಂದು ಆಂಪಿಯರ್. ಹಾಗಾಗಿ 4.5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ನಾಲ್ಕು ಗಂಟೆ ನಡೆಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ನಿಮ್ಮನ್ನು ಅರಣ್ಯ ಇಲಾಖೆಯೂ ಬಿಡುವುದಿಲ್ಲ.

ಆ್ಯಂಟೆನಾದ ಮೇಲೆ ಹಣಕ್ಕಿಂತ ಸಮಯ ಹಾಕಿ. 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅರ್ಧ ತರಂಗದ ತಂತಿಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 14.2ಕ್ಕೆ 10 ಮೀಟರ್, 7.1ಕ್ಕೆ 20 ಮೀಟರ್. 20 ಮೀಟರ್ ತಂತಿಯ ಒಂದು ತುದಿಗೆ 49ಕ್ಕೆ 1 ಟ್ರಾನ್ಸ್‌ಫಾರ್ಮರ್ ಕಟ್ಟಿದರೆ 7, 14, 21, 28 ಮೆಗಾಹರ್ಟ್ಸ್ ನಾಲ್ಕೂ ಒಂದೇ ತಂತಿಯಲ್ಲಿ ನಡೆಯುತ್ತವೆ. ಮನೆಯ ಅಂಗಳದಲ್ಲೇ ಕಟ್ಟಿ, ಎಸ್‌ಡಬ್ಲ್ಯುಆರ್ (ತಂತಿಯಿಂದ ಎಷ್ಟು ಪವರ್ ಹಿಂದೆ ಬರುತ್ತದೆ ಎಂಬ ಅಳತೆ) ನೋಡಿ, ತುದಿ ಕತ್ತರಿಸಿ ಸರಿಮಾಡಿಕೊಳ್ಳಿ. ನೆತ್ತಿಯ ಗಾಳಿಯಲ್ಲಿ ಆ ಕೆಲಸ ಆಗುವುದಿಲ್ಲ.

ತಂತಿ ಎತ್ತುವುದಕ್ಕೆ ಕೋಲು ಬೇಕು, ಯಾಕೆಂದರೆ ಶೋಲಾ ಹುಲ್ಲುಗಾವಲಿನ ನೆತ್ತಿಯಲ್ಲಿ ಮರ ಸಿಗುವುದಿಲ್ಲ. ಆರು ಮೀಟರಿನ ಫೈಬರ್‌ಗ್ಲಾಸ್ ಗಾಳದ ಕೋಲು ಒಳ್ಳೆಯದು. ಇಲ್ಲೊಂದು ಎಚ್ಚರಿಕೆ. ನಮ್ಮ ತೋಟಗಳಿಗೆ ಈಗ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ, ಉದ್ದ, ಒಂದರೊಳಗೊಂದು ಕೂರುತ್ತದೆ. ನೋಡಿದ ಹ್ಯಾಮ್‌ಗಳಿಗೆಲ್ಲ ಆಸೆ ಹುಟ್ಟುತ್ತದೆ. ಆದರೆ ಕಾರ್ಬನ್ ಫೈಬರ್ ಕರೆಂಟ್ ಹರಿಯಗೊಡುತ್ತದೆ. ಪಕ್ಕದ ತಂತಿಯ ಟ್ಯೂನಿಂಗ್ ಕೆಡಿಸುತ್ತದೆ, ವಿದ್ಯುತ್ ತಂತಿಗೆ ತಾಗಿದರೆ ಪ್ರಾಣಕ್ಕೇ ಸಂಚಕಾರ. ಅದು ತೋಟದಲ್ಲೇ ಇರಲಿ.

ಹಗ್ಗ, ಟೇಪು, ಪೆನ್ಸಿಲ್, ಮಳೆಗೆ ಒದ್ದೆಯಾಗದ ಪುಸ್ತಕ, ಹೆಡ್‌ಫೋನ್. ಗಾಳಿಯ ಸದ್ದಿಗೆ ಸ್ಪೀಕರ್ ಕೇಳಿಸುವುದಿಲ್ಲ. ತಿನ್ನಲಿಕ್ಕೆ ಬನ್ಸ್ ಅಥವಾ ಅವಲಕ್ಕಿ. ನೀರು ಮೂರು ಲೀಟರ್.

ಹೊತ್ತಿನ ಲೆಕ್ಕ

ಮುಳ್ಳೋಡಿಯಿಂದ ಕುದುರೆಮುಖ ಹೋಗಿ ಬರುವುದು ಸುಮಾರು 22 ಕಿ.ಮೀ. ಬೆಳಗ್ಗೆ ಹೊರಟು ಸಂಜೆಯೊಳಗೆ ಇಳಿಯಲೇಬೇಕು, ಮೇಲೆ ತಂಗುವಂತಿಲ್ಲ. ಹಾಗಾಗಿ ನೆತ್ತಿಯಲ್ಲಿ ಸಿಗುವುದು ಒಂದೂವರೆ, ಎರಡು ಗಂಟೆ. ಕೊಡಚಾದ್ರಿಯವರಿಗೆ ಜೀಪ್ ಇದೆ, ಅವರು ಬೇಗ ಮುಟ್ಟುತ್ತಾರೆ. ಯಾರು ತಡವಾಗಿ ತಲುಪುತ್ತಾರೋ ಅವರ ಗಡಿಯಾರವನ್ನೇ ಇಬ್ಬರೂ ಹಿಡಿಯಬೇಕು.

ಒಪ್ಪಂದವನ್ನು ಕಾಗದದಲ್ಲಿ ಬರೆದು ಇಬ್ಬರೂ ಜೇಬಿನಲ್ಲಿ ಇಟ್ಟುಕೊಳ್ಳಿ, ಯಾಕೆಂದರೆ ಮೇಲೆ ಮೊಬೈಲ್ ನಂಬುವಂತಿಲ್ಲ. ಉದಾಹರಣೆಗೆ: 11 ಗಂಟೆಗೆ 145.525ರಲ್ಲಿ ಕರೆಯುವುದು. ಗಂಟೆ, ಕಾಲು, ಅರ್ಧ, ಮುಕ್ಕಾಲಿಗೆ ಐದೈದು ನಿಮಿಷ ಕುದುರೆಮುಖದವರು ಕರೆಯುತ್ತಾರೆ, ಕೊಡಚಾದ್ರಿಯವರು ಬರೀ ಕೇಳುತ್ತಾರೆ, ಆಮೇಲೆ ಅದಲು ಬದಲು. ಸಿಗದಿದ್ದರೆ 12ಕ್ಕೆ 7 ಮೆಗಾಹರ್ಟ್ಸ್. ಒಂದು ಗಂಟೆಯವರೆಗೂ ಸಿಗದಿದ್ದರೆ ಇಳಿಯುವುದು. ಯಾರು ಕರೆಯುವುದು, ಯಾರು ಕೇಳುವುದು ಎಂದು ಮೊದಲೇ ಹೇಳಿಕೊಳ್ಳದಿದ್ದರೆ ಇಬ್ಬರೂ ಒಟ್ಟಿಗೆ ಕೂಗುತ್ತಾರೆ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ.

ಕಾಲದ ಮಟ್ಟಿಗೆ ಅಕ್ಟೋಬರಿನಿಂದ ಜನವರಿ ಒಳ್ಳೆಯದು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುವುದುಂಟು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಘಟ್ಟದಲ್ಲಿ ಗುಡುಗು ಕಟ್ಟುತ್ತದೆ. ಬೋಳು ನೆತ್ತಿಯಲ್ಲಿ ಕೋಲು ನಿಲ್ಲಿಸಿ ಕೂತವರಿಗೆ ಸಿಡಿಲಿಗಿಂತ ದೊಡ್ಡ ಅಪಾಯ ಇಲ್ಲ. ದೂರದಲ್ಲಿ ಗುಡುಗಿದರೂ ಸಾಕು, ರಿಗ್‌ನಿಂದ ತಂತಿ ಕಳಚಿ, ಕೋಲು ಮಲಗಿಸಿ, ಇಳಿಯಿರಿ. ಅರ್ಧ ಮಾತಾಗಿದ್ದರೂ ಸರಿ. ಮಳೆಗಾಲದ ಮಾತು ಬೇಡ, ಇಂಬಳಗಳಿಗೆ ಕಾಲ್‌ಸೈನ್ ಬೇಕಿಲ್ಲ.

ನೆತ್ತಿಯ ಮೇಲೆ

ಸೋಟಾ ನಿಯಮ ಕೆಲವೇ. ನೆತ್ತಿಯಿಂದ ಲಂಬವಾಗಿ 25 ಮೀಟರ್ ಒಳಗಿನ ಜಾಗದಲ್ಲಿ ಕೂರಬೇಕು. ಆ ಜಾಗಕ್ಕೆ ಮೋಟಾರು ವಾಹನದಲ್ಲಿ ಹೋಗುವಂತಿಲ್ಲ. ಸಾಮಾನು ನಿಮ್ಮ ತಂಡವೇ ಹೊರಬೇಕು. ಬ್ಯಾಟರಿ ಅಥವಾ ಸೋಲಾರ್ ಆಗಬಹುದು, ಪೆಟ್ರೋಲ್ ಜನರೇಟರ್ ಆಗದು. ನೆಲದ ರಿಪೀಟರ್ (ಕೇಳಿದ್ದನ್ನು ಮರುಪ್ರಸಾರ ಮಾಡುವ ಸ್ಟೇಷನ್) ಮೂಲಕ ಮಾಡಿದ ಸಂಪರ್ಕ ಲೆಕ್ಕಕ್ಕಿಲ್ಲ. ಪಾಯಿಂಟ್ ಬೇಕಾದರೆ ಕಡಿಮೆಯೆಂದರೆ ನಾಲ್ಕು ಬೇರೆ ಬೇರೆ ಸ್ಟೇಷನ್ ಸಿಗಬೇಕು. ನಾಲ್ಕರಲ್ಲಿ ಒಂದು ನಿಮ್ಮ ಜೊತೆಗಾರ. ಉಳಿದ ಮೂವರಿಗೆ ಮಂಗಳೂರು, ಉಡುಪಿಯ ಹ್ಯಾಮ್ ಗೆಳೆಯರಿಗೆ ಹಿಂದಿನ ದಿನವೇ ಹೇಳಿಡಿ. ಕರಾವಳಿಯ ಮಹಡಿ ಮನೆಗಳಿಗೆ ಘಟ್ಟದ ನೆತ್ತಿ ಚೆನ್ನಾಗಿ ಕೇಳುತ್ತದೆ.

ಕೊಡಚಾದ್ರಿಯ ಸರ್ವಜ್ಞ ಪೀಠದ ಹತ್ತಿರ ಭಕ್ತರ ಓಡಾಟ ಇರುತ್ತದೆ. ಅಲ್ಲಿ ತಂತಿ ಕಟ್ಟಿ ಜನರ ಕಾಲಿಗೆ ಸಿಕ್ಕಿಸಬೇಡಿ, ಸ್ವಲ್ಪ ಆಚೆ ಸರಿದು ಕೂರಿ. ಯಾರಾದರೂ ಬಂದು "ಇದು ಎಂತ?" ಅಂತ ಕೇಳಿದರೆ ಒಂದು ನಿಮಿಷ ಹೆಡ್‌ಫೋನ್ ಅವರಿಗೆ ಕೊಡಿ.

ಕರೆಯುವುದು ಹೀಗೆ (ಸಿಕ್ಯೂ ಅಂದರೆ 'ಯಾರಾದರೂ ಇದ್ದೀರಾ' ಎಂಬ ಕರೆ): "ಸಿಕ್ಯೂ ಸೋಟಾ, ಸಿಕ್ಯೂ ಸೋಟಾ," ಆಮೇಲೆ ಕಾಲ್‌ಸೈನನ್ನು ವಿಕ್ಟರ್, ಯೂನಿಫಾರ್ಮ್ ಅಂತ ಬಿಡಿಸಿ ಎರಡು ಸಲ, ಆಮೇಲೆ "ಲಿಸನಿಂಗ್". ಬಟನ್ ಬಿಟ್ಟು ಕನಿಷ್ಠ ಹತ್ತು ಸೆಕೆಂಡ್ ಕೇಳಿ. ಸಿಕ್ಕ ಮೇಲೆ ಸಿಗ್ನಲ್ ವರದಿ, ನಿಮ್ಮ ಬೆಟ್ಟದ ರೆಫರೆನ್ಸ್, ಅವರದ್ದನ್ನು ಬರೆದುಕೊಂಡು ಮರಳಿ ಓದುವುದು. ಆಮೇಲೆ ಬೇಕಾದರೆ ಕನ್ನಡದಲ್ಲಿ ಊಟ ಆಯಿತಾ ಕೇಳಿ. ನೀವು ಮನೆಯ ಚೇಸರ್‌ಗಳು ಒಟ್ಟಿಗೆ ಕರೆಯುವ ಪೈಲಪ್‌ನಲ್ಲಿ ಮುಳುಗಿರುವಾಗ ಯಾರಾದರೂ ಕ್ಷೀಣವಾಗಿ "ಸಮ್ಮಿಟ್ ಟು ಸಮ್ಮಿಟ್" ಅಂದರೆ ಉಳಿದವರನ್ನು ನಿಲ್ಲಿಸಿ ಅವರಿಗೆ ಮೊದಲ ದಾರಿ ಬಿಡಿ. ಇದು ಎಲ್ಲ ದೇಶದಲ್ಲೂ ನಡೆದುಬಂದ ಮರ್ಯಾದೆ.

ಕಡಲಾಚೆಯ ನೆತ್ತಿಗೆ

ಇಲ್ಲಿ ಲೆಕ್ಕ ಬೇರೆ. ಎಚ್‌ಎಫ್ ತರಂಗ ಆಕಾಶದ ಅಯಾನು ಪದರಕ್ಕೆ ಬಡಿದು ಕೆಳಗೆ ಬರುತ್ತದೆ, ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಹಾಗಾದರೆ ಬೆಟ್ಟ ಯಾಕೆ? ಎರಡು ಕಾರಣ. ಒಂದು, ಮೌನ. ಊರಿನ ಎಲ್‌ಇಡಿ ಬಲ್ಬು, ಇನ್ವರ್ಟರ್, ಚಾರ್ಜರ್ ಗದ್ದಲ ಅಲ್ಲಿಲ್ಲ. ಐದು ವ್ಯಾಟಿನ ಬಡ ಸಿಗ್ನಲ್ ಕೇಳಬೇಕಾದರೆ ಈ ಮೌನ ಬೇಕೇ ಬೇಕು. ಎರಡು, ಇಳಿಜಾರು. ಆ್ಯಂಟೆನಾ ಎದುರಿನ ನೆಲ ಇಳಿದಷ್ಟೂ ತರಂಗ ದಿಗಂತಕ್ಕೆ ಹತ್ತಿರವಾಗಿ ಹೊರಡುತ್ತದೆ, ಒಂದೊಂದು ನೆಗೆತಕ್ಕೆ ಹೆಚ್ಚು ದೂರ ಹೋಗುತ್ತದೆ. ನಮ್ಮ ಘಟ್ಟ ಪಡುವಣಕ್ಕೆ ಕಡಿದಾಗಿ ಕಡಲಿನ ಕಡೆ ಇಳಿಯುತ್ತದೆ. ಯುರೋಪ್ ನಮಗೆ ವಾಯುವ್ಯ. ತಂತಿಯನ್ನು ಪಡುವಣ ಅಂಚಿನ ಕಡೆ ಇಡುವುದರಲ್ಲಿ ಲಾಭ ಇದೆ, ಪ್ರಪಾತದಿಂದ ಸಾಕಷ್ಟು ಹಿಂದೆ ನಿಂತು ಅಂತ ಬೇರೆ ಹೇಳಬೇಕಾಗಿಲ್ಲ.

ಯಾರು ಯಾವಾಗ ಬೆಟ್ಟದ ಮೇಲಿರುತ್ತಾರೆ ಎಂಬುದೇ ದೊಡ್ಡ ಪ್ರಶ್ನೆ. ಜಪಾನಿನವರು ಅವರ ಬೆಳಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಇದ್ದರೆ, ನಮಗೆ ಆಗ ಆರೂವರೆಯಿಂದ ಹತ್ತೂವರೆ. ಆಲ್ಪ್ಸಿನವರು ಬೇಸಿಗೆಯಲ್ಲಿ ಬೆಳಗ್ಗೆ 9ಕ್ಕೆ ನೆತ್ತಿ ಮುಟ್ಟಿದರೆ ನಮಗೆ ಹನ್ನೆರಡೂವರೆ. ಅಂದರೆ ಬೇಗ ಹತ್ತಿದವರಿಗೆ ಜಪಾನ್, ನಿಧಾನ ಇಳಿಯುವವರಿಗೆ ಯುರೋಪ್. ನಡುಹಗಲಲ್ಲಿ ಅಯಾನು ಪದರಗಳಲ್ಲಿ ಕೆಳಗಿನದ್ದು 14 ಮೆಗಾಹರ್ಟ್ಸನ್ನು ಸಾಕಷ್ಟು ನುಂಗಿಬಿಡುತ್ತದೆ. ಆ ಹೊತ್ತಿಗೆ 21 ಮತ್ತು 28 ನೋಡಿ. ಸಂಜೆಯಾಗುತ್ತಾ 14ಕ್ಕೆ ಬನ್ನಿ. ಸಂಜೆಯವರೆಗೆ ಕೂರಬೇಕೆಂದರೆ ಕುದುರೆಮುಖ ಆಗುವುದಿಲ್ಲ. ಚಾರ್ಮಾಡಿ ಹತ್ತಿ ಮುಳ್ಳಯ್ಯನಗಿರಿಗೆ ಹೋಗಿ. ರಸ್ತೆ ನೆತ್ತಿಯ ಹತ್ತಿರದವರೆಗೂ ಇದೆ, ಮೆಟ್ಟಿಲು ಇಳಿಯಲು ಹೆಚ್ಚು ಹೊತ್ತು ಬೇಡ. ಅಲ್ಲಿನ ಪ್ರವೇಶದ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ.

ಶನಿವಾರ, ಭಾನುವಾರವೇ ಹೋಗಿ. ಯುರೋಪಿನ ಬೆಟ್ಟಗಳು ತುಂಬುವುದು ಆಗಲೇ. ಹಿಂದಿನ ದಿನ ಸೋಟಾದ ಜಾಲತಾಣ ಸೋಟಾವಾಚ್‌ನಲ್ಲಿ ನಿಮ್ಮ ಬೆಟ್ಟ, ಸಮಯ, ಫ್ರೀಕ್ವೆನ್ಸಿ ಹಾಕಿಡಿ. ಬೇರೆಯವರು ಹಾಕಿದ್ದನ್ನೂ ಕಾಗದಕ್ಕೆ ಇಳಿಸಿಕೊಳ್ಳಿ. ಮಾತಿಗೆ 14.285, 21.285, ಮೋರ್ಸಿಗೆ 14.060, 21.060ರ ಆಸುಪಾಸು ಕಡಿಮೆ ಪವರಿನವರು ಸೇರುತ್ತಾರೆ. ಮೋರ್ಸ್ ಬಲ್ಲವರಿಗೆ ಇನ್ನೊಂದು ಅನುಕೂಲ ಇದೆ. ನೀವು ಮೊದಲೇ ಸೂಚನೆ ಹಾಕಿಟ್ಟು ಮೇಲೆ ಸಿಕ್ಯೂ ಬಡಿದರೆ, ರಿವರ್ಸ್ ಬೀಕನ್ ನೆಟ್‌ವರ್ಕಿನ ಸ್ವಯಂಚಾಲಿತ ರಿಸೀವರ್‌ಗಳು ಕೇಳಿ ನಿಮ್ಮ ಫ್ರೀಕ್ವೆನ್ಸಿಯನ್ನು ತಾವಾಗಿಯೇ ಸೋಟಾವಾಚ್‌ಗೆ ಏರಿಸುತ್ತವೆ. ನೆತ್ತಿಯಲ್ಲಿ ನೆಟ್ ಇಲ್ಲದ ನಮ್ಮ ಬೆಟ್ಟಗಳಿಗೆ ಇದು ವರವೇ ಸರಿ.

ಆ ಕಡೆ ನೆತ್ತಿಯ ಮೇಲಿರುವವರ ಪವರೂ ನಿಮ್ಮಷ್ಟೇ. ಆದ್ದರಿಂದ ಸುಮ್ನೆ ಕರೆಯುತ್ತಾ ಕೂರುವುದಕ್ಕಿಂತ ಬ್ಯಾಂಡಿನಲ್ಲಿ ತಿರುಗಿಸಿ ಹುಡುಕುವುದು ಮೇಲು. ಅವರು ಮನೆಯ ಚೇಸರ್‌ಗಳ ಜೊತೆ ಮಾತಾಡುತ್ತಿರುತ್ತಾರೆ. ಒಂದು ಸಂಪರ್ಕ ಮುಗಿದ ಕೂಡಲೇ ಕಾಲ್‌ಸೈನ್ ಜೊತೆ 'ಸಮ್ಮಿಟ್ ಟು ಸಮ್ಮಿಟ್' ಅನ್ನಿ.

ಒಂದು ಅಡ್ಡ ಮಾತು. ಕಡಲ ಮೇಲೆ ತಂಪು ಗಾಳಿ ಕೆಳಗೆ, ಬಿಸಿ ಗಾಳಿ ಮೇಲೆ ನಿಂತಾಗ ಎರಡು ಮೀಟರ್ ಕೂಡ ನೂರಾರು ಕಿಲೋಮೀಟರ್ ಹರಿಯುವುದುಂಟು. ತರಂಗವನ್ನು ಹಿಡಿದಿಡುವ ಈ ಗಾಳಿಯ ಕೊಳವೆ ಸಾಮಾನ್ಯವಾಗಿ ತಗ್ಗಿನಲ್ಲೇ ಇರುತ್ತದೆ. ಆಗ ಮಲ್ಪೆಯ ದಡದಲ್ಲಿ ನಿಂತವರಿಗೆ ಸಿಕ್ಕಿದ್ದು ಕುದುರೆಮುಖದ ನೆತ್ತಿಯವರಿಗೆ ಸಿಗದೆ ಹೋಗಬಹುದು.

ಇಳಿದ ಮೇಲೆ ಲಾಗ್, ಅಂದರೆ ಸಂಪರ್ಕಗಳ ಪಟ್ಟಿ, ಸೋಟಾ ಜಾಲತಾಣಕ್ಕೆ ಏರಿಸುವ ಕೆಲಸ ಬಾಕಿ ಇರುತ್ತದೆ. ಸಮಯವನ್ನು ಯುಟಿಸಿಯಲ್ಲೇ (ಜಾಗತಿಕ ಸಮಯ) ಬರೆಯಿರಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರೆ ಆಯಿತು. ಬೆಳಗ್ಗೆ ಐದೂವರೆಗೆ ಮುಂಚೆ ಮಾಡಿದ ಸಂಪರ್ಕಕ್ಕೆ ಹಿಂದಿನ ದಿನದ ತಾರೀಕು ಹಾಕಬೇಕು. ಎಸ್ ಟು ಎಸ್ ಆಗಿದ್ದರೆ ಎದುರಿನ ಬೆಟ್ಟದ ರೆಫರೆನ್ಸನ್ನು ಅದರ ಕಾಲಂನಲ್ಲೇ ತುಂಬಿ. ಅದು ಇದ್ದರೆ ಚೇಸರ್ ಪಾಯಿಂಟೂ ನಿಮಗೆ ಸೇರುತ್ತದೆ.